ಮಕ್ಕಳ ‘ಫುಡ್ ಸೆನ್ಸಿಟಿವಿಟಿ’ ಕಿಟ್: ಬಳಸಿ ನೋಡಿದ ಮೇಲೆ

ಸಂಜೆಯಾಯಿತೆಂದರೆ ಏಳು ವರ್ಷದ ಮಗ ಸಣ್ಣ ಮಾತಿಗೂ ಕಿರುಚಾಡಿ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ತಿನ್ನುವುದರಲ್ಲೇ ಏನೋ ಒಗ್ಗುತ್ತಿಲ್ಲವೆಂಬ ಗುಮಾನಿಯಿಂದ, ಮನೆಯಲ್ಲೇ ರಕ್ತದ ಮಾದರಿ ತೆಗೆದು ಕಳುಹಿಸುವ ಪರೀಕ್ಷೆಯ ಕಿಟ್ಟೊಂದನ್ನು ತರಿಸಿಕೊಂಡೆವು. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ನನ್ನ ತಕರಾರು ಇರುವುದು ಪರೀಕ್ಷೆಯ ಬುಡದಲ್ಲೇ.

ಪ್ಯಾಕಿಂಗ್ ಅಚ್ಚುಕಟ್ಟಾಗಿದೆ, ಸೂಚನೆಗಳು ಸ್ಪಷ್ಟವಾಗಿವೆ. ಬೆರಳು ಚುಚ್ಚಿ, ಕಾರ್ಡಿನ ಮೇಲಿನ ವೃತ್ತಗಳನ್ನು ರಕ್ತದಿಂದ ತುಂಬಿಸಬೇಕು. ಎರಡನೆಯ ವೃತ್ತ ತುಂಬುವ ಮೊದಲೇ ಮಗ ಕೈ ಕೊಸರಿಕೊಂಡದ್ದರಿಂದ ಇನ್ನೊಂದು ಬೆರಳನ್ನೂ ಚುಚ್ಚಬೇಕಾಯಿತು. ಆ ದಿನದ ರಂಪಕ್ಕಂತೂ ಯಾವ ಆಹಾರವೂ ಹೊಣೆಯಲ್ಲ.

ವರದಿಯಲ್ಲಿ ಹಾಲು, ಗೋಧಿ, ಮೊಟ್ಟೆ ಮೂರೂ ಕೆಂಪು ಪಟ್ಟಿಯಲ್ಲಿದ್ದವು. ಅವನು ದಿನವೂ ತಿನ್ನುವುದು ಅವನ್ನೇ. ಬಾಯಿಗೇ ಇಡದ ಅಣಬೆ ಮಾತ್ರ ಹಸಿರು ಪಟ್ಟಿಯಲ್ಲಿ ನೆಮ್ಮದಿಯಾಗಿ ಕುಳಿತಿತ್ತು. ಈ ಪರೀಕ್ಷೆ ಅಳೆಯುವುದು ದೇಹದ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಐಜಿಜಿ ಎಂಬ ಪ್ರತಿಕಾಯವನ್ನು. ಒಂದು ಆಹಾರವನ್ನು ಮತ್ತೆ ಮತ್ತೆ ತಿನ್ನುವ ದೇಹದಲ್ಲಿ ಅದು ಸಹಜವಾಗಿಯೇ ಇರುತ್ತದೆ. ಆದ್ದರಿಂದ ಅದರಿಂದ ತಿಳಿಯುವುದು ಮಗು ಏನು ತಿಂದಿದೆ ಎಂಬುದೇ ಹೊರತು, ಏನು ಒಗ್ಗುವುದಿಲ್ಲ ಎಂಬುದಲ್ಲ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿಯು ಆಹಾರದ ತೊಂದರೆಗಳನ್ನು ಪತ್ತೆ ಹಚ್ಚಲು ಐಜಿಜಿಯದೇ ಒಂದು ಬಗೆಯಾದ ಐಜಿಜಿ4ರ ಪರೀಕ್ಷೆಯನ್ನು ಬಳಸಬಾರದೆಂದು 2008ರಲ್ಲೇ ಹೇಳಿದೆ. ಮೂರನ್ನೂ ಒಮ್ಮೆಲೇ ಬಿಡಿಸಿದರೆ ಬೆಳೆಯುವ ಮಗುವಿಗೆ ಪ್ರೋಟೀನು, ಕ್ಯಾಲ್ಸಿಯಂ ಕಡಿಮೆಯಾಗಬಹುದೆಂದೂ, ಗೋಧಿ ಬಿಟ್ಟ ಮೇಲೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ) ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದೆಂದೂ ಮಕ್ಕಳ ವೈದ್ಯರು ಎಚ್ಚರಿಸಿದರು.

ವರದಿ ನನ್ನ ಕಣ್ಣನ್ನೂ ಕೆಡಿಸಿತು. ಅವನು ಹಾಲು ಕುಡಿದು ಲೋಟ ಕೆಳಗಿಡುವುದರೊಳಗೆ ನಾನು ಅವನ ಮುಖ ನೋಡತೊಡಗಿದ್ದೆ. 1994ರ ಅಧ್ಯಯನವೊಂದರಲ್ಲಿ, ಮಗುವಿಗೆ ಸಕ್ಕರೆ ಕೊಟ್ಟಿದ್ದೇವೆಂದು ನಂಬಿಸಲಾದ ತಾಯಂದಿರಿಗೆ, ನಿಜಕ್ಕೂ ಕೊಟ್ಟದ್ದು ಸಕ್ಕರೆಯಲ್ಲದ ಸಿಹಿಕಾರಕವಾಗಿದ್ದರೂ, ಮಗು ಹೆಚ್ಚು ಚಂಚಲವಾಗಿ ಕಂಡಿತ್ತು.

ಹಾಗೆಂದು ಆಹಾರಕ್ಕೂ ನಡವಳಿಕೆಗೂ ನಂಟೇ ಇಲ್ಲವೆನ್ನಲಾಗದು. ಕೆಲವು ಕೃತಕ ಬಣ್ಣಗಳು ಮತ್ತು ಆಹಾರ ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯದಿಂದ ಮಕ್ಕಳ ಚಂಚಲತೆ ತುಸು ಹೆಚ್ಚಿದ್ದನ್ನು ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ವರದಿ ಮಾಡಿದರು; ಅಂಥ ಆರು ಬಣ್ಣಗಳಿರುವ ತಿನಿಸುಗಳ ಮೇಲೆ ಐರೋಪ್ಯ ಒಕ್ಕೂಟದಲ್ಲಿ 2010ರಿಂದ ಎಚ್ಚರಿಕೆ ಅಚ್ಚಾಗುತ್ತಿದೆ. ನಮ್ಮ ಕಿಟ್ಟಿನ ಉದ್ದನೆಯ ಪಟ್ಟಿಯಲ್ಲಿ ಒಂದೇ ಒಂದು ಬಣ್ಣದ ಹೆಸರೂ ಇರಲಿಲ್ಲ.

ಉಪಯೋಗಕ್ಕೆ ಬಂದದ್ದು ಪೆಟ್ಟಿಗೆಯ ತಳದಲ್ಲಿದ್ದ, ಊಟ, ನಿದ್ದೆ, ನಡವಳಿಕೆಗಳನ್ನು ಬರೆದಿಡುವ ತೆಳು ಪುಸ್ತಕ. ಮೂರು ವಾರ ಬಿಡದೆ ಬರೆದೆ. ರಂಪದ ದಿನಗಳ ಎದುರಿಗೆಲ್ಲ ಹೆಚ್ಚುಕಡಿಮೆ ಒಂದೇ ಮಾತಿತ್ತು: ‘ಊಟದ ಡಬ್ಬಿ ಹಾಗೇ ವಾಪಸು’. ಈಗ ಅವನು ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ತಟ್ಟೆ ಮುಂದಿಡುತ್ತೇವೆ. ಕಿರುಚಾಟ ನಿಂತಿಲ್ಲ, ಎಸೆಯುವುದು ಕಡಿಮೆಯಾಗಿದೆ. ಕಿಟ್ಟಿಗೆ ಐದರಲ್ಲಿ ಒಂದು ಅಂಕ, ಅದೂ ಆ ಪುಸ್ತಕದ ಲೆಕ್ಕಕ್ಕೆ.