ಲೈವಾ, ರೀಪರ್ರಾ? ಡೊಳ್ಳಿನ ಏಟು ಕಳೆದುಕೊಂಡವನ ಲೆಕ್ಕ

ಲೈವ್, ರೀಪರ್ ಎರಡೂ ಕಂಪ್ಯೂಟರಿನಲ್ಲಿ ಸದ್ದು ರೆಕಾರ್ಡ್ ಮಾಡಿ ಸಂಗೀತ ಜೋಡಿಸುವ ತಂತ್ರಾಂಶಗಳು. ಮೊದಲೇ ಹೇಳಿಬಿಡುತ್ತೇನೆ, ನಾನು ರೀಪರ್ ಕಡೆಯವನು. ಆಡಿಯೋ ಇಂಟರ್ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಜೊತೆ ಪುಕ್ಕಟೆ ಬಂದ ಏಬಲ್ಟನ್ ಲೈವ್ ಲೈಟ್, ಅಂದರೆ ಲೈವ್‌ನ ಚಿಕ್ಕ ಆವೃತ್ತಿ, ಅದನ್ನೂ ಎರಡು ವರ್ಷ ಬಳಸಿದ್ದೇನೆ. ಯಾವುದರಲ್ಲಿ ಎಷ್ಟು ಪ್ಲಗಿನ್ (ಸದ್ದು ಹುಟ್ಟಿಸುವ, ತಿದ್ದುವ ಪುಟ್ಟ ಉಪಕರಣ) ಅನ್ನೋದು ಎಲ್ಲರಿಗೂ ಗೊತ್ತು, ಬಿಡಿ. ನಾನೇ ರೆಕಾರ್ಡ್ ಮಾಡಿದ ಸದ್ದು ಆರು ತಿಂಗಳು ಬಿಟ್ಟು ಹುಡುಕಿದರೆ ಸಿಗುತ್ತಾ? ನನಗೆ ಬೇಕಾದದ್ದು ಅಷ್ಟೇ.

ಸಾಗರದ ಹತ್ತಿರ ಒಂದು ಡೊಳ್ಳು ತಂಡದ ಅಭ್ಯಾಸಕ್ಕೆ ನಾಲ್ಕು ಸಂಜೆ ಹೋಗಿದ್ದೆ. ಕೈಯಲ್ಲಿ ಹಿಡಿಯುವ ಪುಟ್ಟ ರೆಕಾರ್ಡರ್, 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ. ನಿಮಿಷಕ್ಕೆ 17 ಎಂಬಿ ಚಿಲ್ಲರೆ ಜಾಗ ತಿನ್ನುತ್ತಿತ್ತು. ಹಾಗಾಗಿ ದಿನಾ ರಾತ್ರಿ ಕಾರ್ಡ್ ಖಾಲಿ ಮಾಡುತ್ತಿದ್ದೆ. ಮಾರನೇ ದಿನ ರೆಕಾರ್ಡರ್ ಮತ್ತೆ 001ರಿಂದ ಎಣಿಸುತ್ತಿತ್ತು. ಎಲ್ಲವನ್ನೂ ಹೆಸರು ಬದಲಿಸದೆ ಬೇರೆ ಬೇರೆ ಫೋಲ್ಡರಿನಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಸುರಿದು, ಅಲ್ಲಿಂದಲೇ ಎಳೆದು ಲೈವ್‌ನಲ್ಲೊಂದು, ರೀಪರ್‌ನಲ್ಲೊಂದು ಟ್ರ್ಯಾಕ್ ಮಾಡಿದೆ.

ಲ್ಯಾಪ್‌ಟಾಪ್ ಬದಲಾಯಿತು. ಹಾರ್ಡ್ ಡಿಸ್ಕ್‌ನ ಹೆಸರು ಡಿ ಡ್ರೈವ್ ಇದ್ದದ್ದು ಇ ಆಯಿತು. ಹಳೇ ವಿಳಾಸದಲ್ಲಿ ಸದ್ದಿನ ಫೈಲು ಸಿಗದೆ ಎರಡೂ ಪ್ರಾಜೆಕ್ಟ್ ಮೂಕ!

ತಪ್ಪು ನನ್ನದೇ. ಲೈವ್‌ನಲ್ಲಿ 'ಕಲೆಕ್ಟ್ ಆಲ್ ಆಂಡ್ ಸೇವ್' ಒತ್ತಿದ್ದರೆ ಫೈಲುಗಳ ಪ್ರತಿ ಪ್ರಾಜೆಕ್ಟ್ ಫೋಲ್ಡರಿಗೇ ಬಂದು ಕೂರುತ್ತಿತ್ತು. ರೀಪರ್‌ನಲ್ಲೂ 'ಸೇವ್ ಆ್ಯಸ್' ಕಿಟಕಿಯಲ್ಲಿ ಅದಕ್ಕೊಂದು ಟಿಕ್ ಇದೆ. ಎರಡೂ ಮಾಡಿರಲಿಲ್ಲ. ಆಮೇಲೆ ಆದದ್ದು ಕೇಳಿ. ಲೈವ್ ಪಾಪ ತಾನೇ ಹುಡುಕಿಕೊಟ್ಟಿತು. ಆದರೆ ಒಂದೊಂದು ಹೆಸರಿಗೂ ನಾಲ್ಕು ಸಂಜೆಯ ನಾಲ್ಕು ಫೈಲು ತೋರಿಸಿ, ಯಾವುದು ನಿನ್ನದು ಅಂತ ನನ್ನನ್ನೇ ಕೇಳಿತು. ಮೂವತ್ತು ಚಿಲ್ಲರೆ ಫೈಲು. ಹೆಡ್‌ಫೋನ್ ಹಾಕಿಕೊಂಡು ಇದು ಸೋಮವಾರದ 'ಢಂ'ಮಾ, ಬುಧವಾರದ್ದಾ ಅಂತ ರಾತ್ರಿ ಒಂದು ಗಂಟೆವರೆಗೂ ಕೂತೆ. ಲೈವ್‌ನ ಪ್ರಾಜೆಕ್ಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೂ ನೋಡಿದೆ. ಅದು ಕುಗ್ಗಿಸಿಟ್ಟ (ಜಿಜಿಪ್) ಫೈಲು, ಬರೀ ಕಸ ಕಂಡಿತು.

ರೀಪರ್‌ನ ಪ್ರಾಜೆಕ್ಟ್ ಫೈಲು ಹಾಗಲ್ಲ, ಸಾದಾ ಪಠ್ಯ. ಒಂದು ಕಾಪಿ ಇಟ್ಟುಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆದೆ. 'ಫೈಲ್' ಅಂತ ಶುರುವಾಗುವ ಒಂದೊಂದು ಸಾಲಿನಲ್ಲೂ ಡಿ ಡ್ರೈವಿನ ಪೂರ್ತಿ ವಿಳಾಸ. ಎಲ್ಲ ಕಡೆ ಡಿ ತೆಗೆದು ಇ ಹಾಕಿ ಸೇವ್ ಮಾಡಿದೆ. ಡೊಳ್ಳು ಬಾರಿಸಿತು. ಅವತ್ತೇ ನಾನು ಪಕ್ಷ ಬದಲಿಸಿದ್ದು.

ಇನ್ನೊಂದು ಇಷ್ಟವಾದದ್ದು: ರೆಕಾರ್ಡಿಂಗ್ ನಿಲ್ಲಿಸಿದ ತಕ್ಷಣ, ಇಟ್ಟುಕೊಳ್ಳಲಾ, ಅಳಿಸಲಾ, ಹೆಸರು ಬದಲಿಸಲಾ ಅಂತ ರೀಪರ್ ಕೇಳುವ ಹಾಗೆ ಮಾಡಬಹುದು. ನನ್ನಂಥ ಸೋಮಾರಿಗೆ ಇದು ಬೇಕೇ ಬೇಕು. ಬಳಸದ ಫೈಲು ಹುಡುಕೋದು ಎರಡರಲ್ಲೂ ಆಗುತ್ತದೆ.

ಲೈವ್ ಗೆಲ್ಲುವುದು ಪ್ಯಾಡಿನಲ್ಲಿ, ಅಂದರೆ ಒತ್ತಿ ಸದ್ದು ಬಾರಿಸುವ ಚೌಕಗಳಲ್ಲಿ. ಹನ್ನೆರಡು ಏಟನ್ನು ಆ ಚೌಕಗಳಿರುವ ಡ್ರಮ್ ರ‍್ಯಾಕ್ ಮೇಲೆ ಎಳೆದು ಬಿಟ್ಟರೆ ಬಾರಿಸೋಕೆ ಸಿದ್ಧ. ರೀಪರ್‌ನಲ್ಲಿ ಇದೇ ಕೆಲಸಕ್ಕೆ ರೀಸ್ಯಾಂಪ್ಲೋಮ್ಯಾಟಿಕ್ 5000 ಅಂತ ಒಂದು ಪ್ಲಗಿನ್ ಇದೆ (ಹೆಸರು ನೋಡಿ!). ನಾನು ಅದನ್ನು ಏಟಿಗೊಂದರಂತೆ ಹನ್ನೆರಡು ಸಲ ಹಾಕಿ ಸುಸ್ತಾದೆ.

ದುಡ್ಡಿನ ವಿಷಯ. ರೀಪರ್ 60 ದಿನ ಪೂರ್ತಿ ಬಳಸಿ ನೋಡಬಹುದು, ಮನೆಯಲ್ಲಿ ಮಾಡುವವರಿಗೆ 60 ಡಾಲರ್. ಲೈಟ್ ಬಿಟ್ಟು ಲೈವ್‌ನ ದೊಡ್ಡ ಆವೃತ್ತಿಗೆ ಹೋಗಲು ನನ್ನ ಜೇಬು ಒಪ್ಪಲಿಲ್ಲ. ವೇದಿಕೆ ಮೇಲೆ ಬಾರಿಸುವವರಾದರೆ ಲೈವ್ ತಗೊಳ್ಳಿ, ನಾನು ಮನೆ ಬಿಟ್ಟು ಕದಲುವವನಲ್ಲ. ಈಗ ಕಾರ್ಡ್ ಖಾಲಿ ಮಾಡುವ ಮುಂಚೆಯೇ ಹೆಸರಿಡುತ್ತೇನೆ: ಊರು, ತಾರೀಖು, ಕೋಲಿನ ಏಟಾ ಅಂಗೈ ಏಟಾ.