ಮಂಗಳೂರಿನ ಹವೆಗೆ ಬ್ರಯರ್ ಪೈಪ್: ಎಬೊನೈಟ್ ಸ್ಟೆಮ್ಮೋ, ಆಕ್ರಿಲಿಕ್ಕೋ?

ತಂಬಾಕು ಸೇದುವ ಕೈಕೆಲಸದ ಬ್ರಯರ್ ಪೈಪ್ ಆರಿಸುವಾಗ ಎಲ್ಲರ ಕಣ್ಣು ಮರದ ಗೆರೆಗಳ ಮೇಲೆ. ಆದರೆ ಮೆಡಿಟರೇನಿಯನ್ ಸುತ್ತಿನ ಎರಿಕಾ ಆರ್ಬೋರಿಯಾ ಗಿಡದ ಬುಡದ ಗಂಟನ್ನು ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಆ ಮರ ನಮ್ಮ ಮಳೆಗಾಲವನ್ನು ಚೆನ್ನಾಗಿಯೇ ತಾಳುತ್ತದೆ. ಇಲ್ಲಿ ಮೊದಲು ಕೆಡುವುದು ಬಾಯಿಗಿಡುವ ಸ್ಟೆಮ್. ಎಬೊನೈಟ್, ಆಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಎರಡನ್ನೂ ಇದೇ ಹವೆಯಲ್ಲಿ ಬಳಸಿ ಕಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಎಬೊನೈಟ್ ಎಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಹಲ್ಲಿಗೆ ಹಿತ. ಅರದಿಂದ ತಿದ್ದುವುದು ಸುಲಭವಾದ್ದರಿಂದ ಪಳಗಿದ ಕೈ ಕಚ್ಚುವ ಜಾಗವನ್ನು ಸುಮಾರು 4 ಮಿ.ಮೀ.ಗೆ ಇಳಿಸುತ್ತದೆ. ಬಾಯಲ್ಲಿ ಆ ತೆಳುವಿನ ಸುಖಕ್ಕೆ ಆಕ್ರಿಲಿಕ್ ಸಾಟಿಯಲ್ಲ. ತೊಂದರೆ ಇರುವುದು ಗಂಧಕದಲ್ಲೇ. ಬೆಳಕೂ ತೇವವೂ ತಾಗಿದರೆ ಅದು ಮೇಲ್ಮೈಗೆ ಬಂದು, ಕಪ್ಪು ಬಣ್ಣ ಹಸಿರುಗಂದಾಗಿ, ನಾಲಿಗೆಗೆ ಕಹಿ ಹತ್ತುತ್ತದೆ. ಪಡುವಣ ಬಿಸಿಲು ಬೀಳುವ ಗಾಜಿನ ಷೋಕೇಸ್ ಇದಕ್ಕೆ ತೀರಾ ಕೆಟ್ಟ ಜಾಗ. ಬಾಗಿದ ಎಬೊನೈಟ್ ಸ್ಟೆಮ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ಉಳಿದರೆ ನೆಟ್ಟಗಾಗುವುದೂ ಉಂಟು.

ಕಂದು ಹಿಡಿದರೆ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಮರಳು ಕಾಗದ) ಸಾಕು. ನೀರು ಹಚ್ಚುತ್ತ 600, 1000, 2000 ನಂಬರಿನ ಕ್ರಮದಲ್ಲಿ ಉಜ್ಜಿ. ಸ್ಟೆಮ್ಮನ್ನು ಬಿಡಿಯಾಗಿ ಹಿಡಿದು ಉಜ್ಜಿದರೆ ಮರಕ್ಕೆ ಕೂಡುವ ಅಂಚು ದುಂಡಗಾಗಿ, ಮತ್ತೆಂದೂ ಸರಿಹೋಗದ ಸಂದು ಉಳಿಯುತ್ತದೆ. ನಡುವೆ ತೆಳು ಪ್ಲಾಸ್ಟಿಕ್ ವಾಷರ್ ಇಟ್ಟು, ಪೈಪಿಗೆ ಸಿಕ್ಕಿಸಿಯೇ ಉಜ್ಜಬೇಕು. ತಯಾರಕರ ಮುದ್ರೆ ಇರುವ ಕಡೆ ಪೇಪರ್ ತಾಗಬಾರದು. ಕೊನೆಗೆ ಮಿನರಲ್ ಆಯಿಲ್ ಸವರಿ, ರಾತ್ರಿಯಿಡೀ ಬಿಟ್ಟು ಒರೆಸಿ. ತೆಂಗಿನೆಣ್ಣೆ ಬೇಡ, ಕನರುತ್ತದೆ.

ಆಕ್ರಿಲಿಕ್‌ಗೆ ಈ ಯಾವ ಆರೈಕೆಯೂ ಬೇಕಿಲ್ಲ. ಆಟಿ ತಿಂಗಳ ಮಳೆ ಮುಗಿದರೂ ಹೊಳಪು ಹಾಗೇ ಇರುತ್ತದೆ. ಆದರೆ ಹಲ್ಲಿಗೆ ಗಡುಸು, ಬಿದ್ದರೆ ಸೀಳುತ್ತದೆ. ಸ್ಪಿರಿಟ್‌ನಿಂದ ಶುಚಿ ಮಾಡಿದರೆ ಕೂದಲೆಳೆಯ ಬಿರುಕು ಮೂಡಬಹುದು. ಉಗುರುಬೆಚ್ಚಗಿನ ಸೋಪುನೀರೇ ಸರಿ.

ಜೂನ್ ಕಳೆದ ಮೇಲೆ ಮರ ಉಬ್ಬಿ, ಸ್ಟೆಮ್ಮಿನ ಟೆನನ್ (ಮರದೊಳಗೆ ಕೂರುವ ತುದಿ) ತೂತಿನಲ್ಲಿ ಬಿಗಿಯುತ್ತದೆ. ಆಗ ಬಲವಾಗಿ ತಿರುಗಿಸಿದರೆ ಆಕ್ರಿಲಿಕ್ ಟೆನನ್ ಬುಡದಲ್ಲೇ ಮುರಿಯುತ್ತದೆ. ಎಬೊನೈಟ್ ತುಸು ಹೆಚ್ಚು ತಾಳುತ್ತದೆ. ಡೆಲ್ರಿನ್ ಎಂಬ ಗಟ್ಟಿಮುಟ್ಟು ಪ್ಲಾಸ್ಟಿಕ್‌ನ ಟೆನನ್ ಕೂರಿಸಿದ ಆಕ್ರಿಲಿಕ್ ಆದರೆ ಈ ಭಯ ಕಡಿಮೆ. ಕೊಳ್ಳುವ ಮುಂಚೆ ಸ್ಟೆಮ್ ಬಿಚ್ಚಿಸಿ ನೋಡಿ. ಬಿಗಿದ ಟೆನನ್‌ಗೆ ಪೆನ್ಸಿಲ್ ಸೀಸ ತಿಕ್ಕಿ, ಸಡಿಲಾದದ್ದಕ್ಕೆ ಜೇನುಮೇಣ. ಪೈಪ್ ಬಿಸಿ ಇರುವಾಗಂತೂ ಬಿಚ್ಚಲೇಬೇಡಿ.

ಮರದ ಮೇಲ್ಮೈ ವಿಚಾರ ಚುಟುಕಾಗಿ: ಇಂಗ್ಲೆಂಡಿನ ಪೈಪ್ ತಯಾರಕ ಡನ್‌ಹಿಲ್ 1917ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಸ್ಯಾಂಡ್‌ಬ್ಲಾಸ್ಟ್ (ಮರಳು ಚಿಮ್ಮಿಸಿ ಒರಟು ಮಾಡಿದ) ಬಗೆ ಚೆಂದವೇ, ಆದರೆ ಅದರ ಗೀರುಗಳಲ್ಲಿ ಬೂಷ್ಟು ಅಡಗುತ್ತದೆ. ಮೆದು ಬ್ರಷ್ ಬೇಕೇಬೇಕು. ನುಣುಪು ಪೈಪಿಗೆ ಒಣಬಟ್ಟೆ ಸಾಕು.

ಮಳೆಗಾಲವಿಡೀ ಪೈಪ್‌ಗಳನ್ನು ಮುಟ್ಟದೆ ಇಡುವವರಿಗೆ ಡೆಲ್ರಿನ್ ಟೆನನ್ನಿನ ಆಕ್ರಿಲಿಕ್ಕೇ ಸರಿ. ತಿಂಗಳಿಗೊಮ್ಮೆ ಎಣ್ಣೆ ಸವರುವ ತಾಳ್ಮೆ ಇದ್ದರೆ ಎಬೊನೈಟ್ ಕೊಳ್ಳಿ. ಬೆಳಕು ಬೀಳದ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.