ವೇತನಮಿತಿಯಲ್ಲಿ ಖಾಲಿ ಜಾಗವೋ, ಟ್ರೇಡ್ ಎಕ್ಸೆಪ್ಷನ್ನೋ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡವೊಂದು ಬಲವಾಗಲು ಯಾವ ದಾರಿ ಒಳ್ಳೆಯದು: ವೇತನಮಿತಿಯಲ್ಲಿ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ, ಕೆಲವು ವಿನಾಯಿತಿಗಳ ಮೂಲಕ ಇದನ್ನು ಮೀರಬಹುದು) ಜಾಗ ಖಾಲಿ ಮಾಡುವುದೋ, ಟ್ರೇಡ್ ಎಕ್ಸೆಪ್ಷನ್ ಎಂಬ ವಿನಾಯಿತಿ ಬಳಸುವುದೋ? ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎರಡನ್ನೂ ತುಳಿದಿದೆ.

2016ರಲ್ಲಿ ವೇತನಮಿತಿ 7 ಕೋಟಿ ಡಾಲರ್‌ನಿಂದ 9.4 ಕೋಟಿಗೆ ಜಿಗಿಯಿತು. ವಾರಿಯರ್ಸ್ ಆಂಡ್ರ್ಯೂ ಬೋಗಟ್ ಅವರನ್ನು ಬಿಟ್ಟುಕೊಟ್ಟು, ಖಾಲಿಯಾದ ಜಾಗದಲ್ಲಿ ಕೆವಿನ್ ಡ್ಯುರಾಂಟ್ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಖಾಲಿ ಜಾಗದ ದೊಡ್ಡ ಶಕ್ತಿ ಇದೇ: ಒಪ್ಪಂದ ಮುಗಿದ ತಾರೆಯನ್ನು ನೇರವಾಗಿ ಕರೆತರಬಹುದು. ಅದಕ್ಕೆ ತೆರಬೇಕಾದ ಬೆಲೆ, ಇರುವ ಆಟಗಾರರು.

ಟ್ರೇಡ್ ಎಕ್ಸೆಪ್ಷನ್ ಹುಟ್ಟುವುದು ಬೇರೆ ರೀತಿಯಲ್ಲಿ. ಮಿತಿ ಮೀರಿದ ತಂಡ ಆಟಗಾರನನ್ನು ಕಳುಹಿಸಿ, ಪ್ರತಿಯಾಗಿ ಕಡಿಮೆ ಸಂಬಳ ಪಡೆದರೆ, ಆ ವ್ಯತ್ಯಾಸದಷ್ಟು ಸಂಬಳದ ಆಟಗಾರನನ್ನು ಬೇರೆ ತಂಡದಿಂದ ತರುವ ಹಕ್ಕು ಸಾಮಾನ್ಯವಾಗಿ ಒಂದು ವರ್ಷ ಉಳಿಯುತ್ತದೆ. 2019ರಲ್ಲಿ ವಾರಿಯರ್ಸ್‌ನ ಆಂಡ್ರೆ ಇಗ್ವೊಡಾಲಾ ಮೆಂಫಿಸ್ ತಂಡಕ್ಕೆ ಹೋದಾಗ ಸುಮಾರು 1.72 ಕೋಟಿ ಡಾಲರ್‌ನ ಹಕ್ಕು ದೊರೆಯಿತು. 2020ರಲ್ಲಿ ತಂಡದ ತಾರೆ ಕ್ಲೇ ಥಾಂಪ್ಸನ್ ಗಾಯಗೊಂಡ ಕೂಡಲೇ ಅದನ್ನು ಬಳಸಿ ಕೆಲ್ಲಿ ಊಬ್ರೆ ಅವರನ್ನು ತಂದರು. ಮಿತಿ ಮೀರಿದ್ದ ತಂಡಕ್ಕೆ ಆ ಗಾತ್ರದ ಸಂಬಳವನ್ನು ಹೀಗೆ ಸೇರಿಸಿಕೊಳ್ಳಲು ಬೇರೆ ಸುಲಭ ದಾರಿ ಇರಲಿಲ್ಲ. ಆದರೆ ಐಷಾರಾಮಿ ತೆರಿಗೆಯ (ಒಟ್ಟು ಸಂಬಳ ನಿಗದಿತ ಮಟ್ಟ ದಾಟಿದರೆ ತಂಡ ಲೀಗ್‌ಗೆ ಕಟ್ಟುವ ಹಣ) ಹೊರೆ ಭಾರಿ ಏರಿತು.

ಈ ಹಕ್ಕನ್ನು ಇನ್ನೊಬ್ಬ ಆಟಗಾರನ ಸಂಬಳದ ಜೊತೆ ಕೂಡಿಸಿ ದೊಡ್ಡ ತಾರೆಯನ್ನು ಕೊಳ್ಳಲಾಗದು. ಒಪ್ಪಂದ ಮುಗಿದ ಮುಕ್ತ ಆಟಗಾರನಿಗೆ ನೇರ ಒಪ್ಪಂದ ನೀಡಲೂ ಆಗದು. ಹಲವರು ಮರೆಯುವ ಮಾತೊಂದಿದೆ: ಖಾಲಿ ಜಾಗ ಬಳಸಲು ಹೊರಟ ತಂಡ ಈ ಹಕ್ಕನ್ನು ತ್ಯಜಿಸಬೇಕಾಗುತ್ತದೆ.

ನನ್ನ ನಿಲುವು ಸ್ಪಷ್ಟ. ತಾರೆ ಬರುವುದು ಖಚಿತವಾಗಿದ್ದರೆ ಮಾತ್ರ ಜಾಗ ಖಾಲಿ ಮಾಡಿ. ಗಟ್ಟಿ ತಂಡ ಈಗಾಗಲೇ ಇದ್ದರೆ ಎಕ್ಸೆಪ್ಷನ್ ಉಳಿಸಿಕೊಳ್ಳಿ, ಮಾಲೀಕರು ತೆರಿಗೆ ಕಟ್ಟಲು ಸಿದ್ಧರಿದ್ದರೆ.